ಕೌದಿಯ ನಾಲ್ಕನೆಯ ಮೂಲೆ

ಆ ಕಾಲದಲ್ಲಿ ಮನೆಯೊಳಗೆ ಒಂದು ಕೂಸು ಹುಟ್ಟಿತೆಂದರೆ ಅದರ ಸಂಭ್ರಮವನ್ನು ಯಾರೂ ಅಂಗಡಿಯಿಂದ ಕೊಂಡು ತರುತ್ತಿರಲಿಲ್ಲ. ಕುಟ್ಟಬೇಕಾಗಿತ್ತು, ಬೀಸಬೇಕಾಗಿತ್ತು, ಉಂಡಿ ಕಟ್ಟಬೇಕಾಗಿತ್ತು, ಕೂತು ಹೊಲಿಯಬೇಕಾಗಿತ್ತು. ಈಗ ಆ ತೊಂದರೆ ಇಲ್ಲ. ಮಂಗಲ ಕಾರ್ಯಾಲಯಕ್ಕೆ ಹೋಗಿ, ಯಾರೋ ಕಟ್ಟಿದ ಬಲೂನಿನ ಕೆಳಗೆ ಕೂತು, ಯಾರೋ ಬಡಿಸಿದ್ದನ್ನು ಉಂಡು, ಬಣ್ಣದ ಕಾಗದ ಸುತ್ತಿದ ಡಬ್ಬಿಯೊಂದನ್ನು ಕೊಟ್ಟು ಬಂದರೆ ತೊಟ್ಟಿಲು ಹಾಕಿದಂತಾಯಿತು. ಡಬ್ಬಿಯೊಳಗೆ ಏನಿತ್ತೆಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ, ತೆಗೆದುಕೊಂಡವರಿಗೂ ಬೇಕಾಗಿರುವುದಿಲ್ಲ. ಇಂಥ ಒಂದೊಂದು ಊಟ ಮುಗಿಸಿ ಬಂದಾಗಲೂ ನನಗೆ ನಮ್ಮ ಅಕ್ಕನ ಚೊಚ್ಚಲ ಮಗನ ತೊಟ್ಟಿಲು ನೆನಪಾಗುತ್ತದೆ. ಜೊತೆಗೆ ಅಕ್ಕನ ಅತ್ತೆಯವರೂ ನೆನಪಾಗುತ್ತಾರೆ. ಅವರನ್ನು ಬಿಟ್ಟು ಆ ತೊಟ್ಟಿಲನ್ನು ನೆನೆಯಲು ಬರುವುದಿಲ್ಲ, ಏನು ಮಾಡುವುದು.

ನಾವಿದ್ದದ್ದು ಗೋಕಾಕ ಫಾಲ್ಸಿನಲ್ಲಿ. ಅಪ್ಪ ಗಿರಣಿಯ ಕಚೇರಿಯಲ್ಲಿ ಕಾರಕೂನರು. ಗಿರಣಿಯ ಬಿಳಿ ದೊರೆಗಳ ಮಕ್ಕಳು ಇಂಗ್ಲಿಷ್ ಮಾತಾಡುವುದನ್ನು ಕೇಳಿ ಕೇಳಿ ಆಸೆಯಾಗಿ, ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಿದ್ದರು. ಆ ವರ್ಷ ನಾತಾಳದ, ಅಂದರೆ ಕ್ರಿಸ್ಮಸ್ಸಿನ, ರಜೆಗೆ ಮನೆಗೆ ಬಂದಾಗ ನನ್ನ ಟ್ರಂಕಿನಲ್ಲಿ ನಾನೇ ಹೊಲಿದ ಒಂದು ಬಿಳಿ ಬಟ್ಟೆ ಇತ್ತು. ಅಂಚಿಗೆ ನೀಲಿ ಹೂವು. ಚಹದ ಟ್ರೇಯ ಮೇಲೆ ಹಾಸುವಂಥದ್ದು. ಸಿಸ್ಟರು ಮೆಚ್ಚಿ ಎಲ್ಲರಿಗೂ ತೋರಿಸಿದ್ದರು. ನಾನು ಬಹಳ ಹೆಮ್ಮೆಯಿಂದ ಅದನ್ನು ಆಯಿಯ ಮುಂದೆ ಹರವಿದೆ. ಆಯಿ ಎಂದರೆ ಅಪ್ಪನ ತಾಯಿ. ಆಕೆ ಬಟ್ಟೆಯನ್ನು ಹಿಂದೆ ಮುಂದೆ ತಿರುವಿ ನೋಡಿ ಕೇಳಿದಳು:

"ಇದನ್ನ ಯಾರಿಗೆ ಹೊಚ್ಚತಾರ?"

"ಹೊಚ್ಚೂದಲ್ಲ ಆಯಿ, ಟ್ರೇ ಮ್ಯಾಲೆ ಹಾಸೂದು."

"ಯಾಕ, ಟ್ರೇಗೆ ಥಂಡಿ ಆಗತೈತೇನು?"

ಆಯಿಯ ಕೈಯಲ್ಲಿ ಆಗ ಕೌದಿ ಇತ್ತು. ಅಕ್ಕ ಹೆರಿಗೆಗೆ ತವರಿಗೆ ಬಂದಾಗಿನಿಂದ ಆಯಿಯೂ ಅವ್ವನೂ ಅದನ್ನು ಹೊಲಿಯುತ್ತಿದ್ದರು. ಆಯಿಯ ಮದುವೆಯ ಇಳಕಲ್ಲ ಸೀರೆಯ ಸೆರಗು, ನಾನು ನೋಡಿರದ ಅಜ್ಜನ ರುಮಾಲು, ಅಪ್ಪನ ಮೊದಲ ಕೋಟಿನ ಅಸ್ತರು, ಅವ್ವನ ಕುಪ್ಪಸಗಳ ಖಣ, ಎಲ್ಲ ತುಂಡು ತುಂಡಾಗಿ ಅದರೊಳಗೆ ಸೇರಿದ್ದವು. ಹೊಸ ಬಟ್ಟೆ ಒಂದು ಗೇಣೂ ಇಲ್ಲ. ಬಾಳಿದವರು ಉಟ್ಟು ಮೆತ್ತಗಾದ ಬಟ್ಟೆಯ ಮೇಲೆಯೇ ಕೂಸು ಮೊದಲು ಮಲಗಬೇಕು ಎಂಬುದು ನಮ್ಮ ಮನೆಯ ಪದ್ಧತಿ.

"ಹೊಸಾ ಬಟ್ಟಿ-ಅರಿವಿಗೆ ಮನಶಾರ ಗುರ್ತ ಇರೂದಿಲ್ಲವಾ," ಎಂದಳು ಆಯಿ. "ನಿಂದೂ ಒಂದ ತುಂಡ ಕೊಡು."

ಕಾನ್ವೆಂಟಿನ ನನ್ನ ಹಳೆಯ ನೀಲಿ ಫ್ರಾಕು ಕಂಕುಳಲ್ಲಿ ಹರಿದಿತ್ತು. ಅದರಿಂದ ಒಂದು ಚೌಕ ಕತ್ತರಿಸಿ ಕೊಟ್ಟೆ. ಅಜ್ಜನ ರುಮಾಲಿನ ಪಕ್ಕದಲ್ಲೇ ಅದಕ್ಕೆ ಜಾಗ ಸಿಕ್ಕಿತು. ಟ್ರೇಯ ಬಟ್ಟೆಯನ್ನು ನಾನು ಟ್ರಂಕಿನ ತಳಕ್ಕೆ ಹಾಕಿದೆ. ಇಡೀ ರಜೆಯಲ್ಲಿ ಅದನ್ನು ಕೇಳಿದವರಿಲ್ಲ.

ಸೀತನಿಯ ದಿನಗಳು. ಹಿತ್ತಲಲ್ಲಿ ಎಳೆ ಜೋಳದ ತೆನೆ ಸುಡುವ ಹೊಗೆ, ಬಾಣಂತಿಯ ಕೋಣೆಯಿಂದ ಲೋಬಾನದ ಹೊಗೆ, ಎರಡೂ ಪಡಸಾಲೆಯಲ್ಲಿ ಕೂಡುತ್ತಿದ್ದವು. ಅವ್ವ ಅಂಟಿನುಂಡಿಗೆ ತುಪ್ಪ ಕಾಯಿಸಿದರೆ ಪಾಳಿಗೆ ಕೂಗುವ ಗಿರಣಿಯ ಭೋಂಗಾ ಕೂಡ ನನಗೆ ಸಿಹಿಯಾಗಿ ಕೇಳುತ್ತಿತ್ತು. ಕೌದಿ ಹೊಲಿಯುವವರ ಸುತ್ತ ನಾವು ಹುಡುಗಿಯರು ಗಜ್ಜುಗದ ಆಟ ಆಡುತ್ತಿದ್ದೆವು. ತೆನೆ ತಿಂದ ಕೈಯಿಂದ ಕೌದಿ ಮುಟ್ಟಿದರೆ ಆಯಿ ದಬ್ಬಣದ ಹಿಂಭಾಗದಿಂದ ಗೆಣ್ಣಿಗೆ ಕುಟ್ಟುತ್ತಿದ್ದಳು.

ಅಕ್ಕ ಮಾತ್ರ ಕೋಣೆಯ ಬಾಗಿಲಿಗೆ ಹಾಕಿದ್ದ ಹೊರಸಿನ ಮೇಲೆ ಮಲಗಿಕೊಂಡೇ "ಎಷ್ಟಾತು?" ಎಂದು ಕೇಳುತ್ತಲೇ ಇರುವಳು. ಹೆರಿಗೆ ಕಷ್ಟದ್ದಾಗಿತ್ತು. ಗೋಡೆ ಹಿಡಿಯದೆ ನಿಲ್ಲಲು ಬರುತ್ತಿರಲಿಲ್ಲ. ಚೊಚ್ಚಲ ಬಾಣಂತಿ ಐದು ತಿಂಗಳು ತವರಿನಲ್ಲಿ ಇರುವುದು ರೂಢಿ. ಆದರೆ ಹುಕ್ಕೇರಿಯಿಂದ ಅತ್ತೆಯವರು ಹೇಳಿ ಕಳಿಸಿದ್ದರು: ತೊಟ್ಟಿಲು ಮುಗಿದ ಮರುದಿನವೇ ಸೊಸೆಯನ್ನು ಕರೆದುಕೊಂಡು ಹೋಗುತ್ತೇವೆ, ನಿಮ್ಮಲ್ಲಿ ನಮ್ಮ ಕೂಸಿನ ಆರೈಕೆ ಏನು ಆದೀತು? ಮದುವೆಯಲ್ಲಿ ನಾವು ಕೊಟ್ಟ ಹಂಡೆ ಅವರಿಗೆ ಹಗುರ, ಸೀರೆ ತೆಳುವು, ಅಪ್ಪನ ಟೊಪ್ಪಿಗೆ ಕೂಡ ಸಣ್ಣದು. ಹೆಣ್ಣು ಕೊಟ್ಟವರು, ಅಪ್ಪ ಎಲ್ಲಕ್ಕೂ ಹೂಂ ಎಂದರು.

"ಕೌದಿ ಛಲೋ ಆತಂದ್ರ ಅತ್ತಿ ಮನಸ್ಸ ಕರಗಬಹುದೇನ ಆಯಿ?" ಎಂದು ಅಕ್ಕ ಕೇಳಿದಳು.

"ಕರಗಾಕ ಅದೇನ ಬೆಣ್ಣಿ ಐತೆ?" ಎಂದಳು ಆಯಿ. ಆದರೂ ಅಂದಿನಿಂದ ಆಯಿಯ ಹೊಲಿಗೆ ಮತ್ತಷ್ಟು ಸಣ್ಣದಾಯಿತು. ಸಾಲುಗಳು ಹೊಲದ ಬಿತ್ತಿಗೆಯಷ್ಟು ನೆಟ್ಟಗೆ.

ತೊಟ್ಟಿಲಿನ ಹಿಂದಿನ ದಿನ ಮಧ್ಯಾಹ್ನ ಹುಕ್ಕೇರಿಯಿಂದ ಎತ್ತಿನ ಛಕಡಿ ಬಂತು. ಅತ್ತೆಯವರು ಇಳಿದರು. ಮಾವನವರೂ ಇಳಿದರು, ಆದರೆ ಅದನ್ನು ಯಾರೂ ಗಮನಿಸಲಿಲ್ಲ. ಅವರ ಜೀವನದಲ್ಲಿ ಹಾಗೆ ಆಗಾಗ ಆಗುತ್ತಿತ್ತು. ಅತ್ತೆಯವರ ಮೂಗಿನಲ್ಲಿ ಎಂಥ ನತ್ತೆಂದರೆ, ಚಹ ಕುಡಿಯುವಾಗ ಒಂದು ಕೈ ಬಟ್ಟಲಿಗೆ, ಇನ್ನೊಂದು ಕೈ ನತ್ತಿಗೆ. ನಮ್ಮ ಮನೆಯ ಯಾವುದನ್ನೂ ಅವರು ಎರಡು ಬೆರಳಿಗಿಂತ ಹೆಚ್ಚು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಕೂಡಲು ತಮ್ಮದೇ ಚಾದರ ತಂದಿದ್ದರು. ಮೊಮ್ಮಗನಿಗೆ ಒಂದು ಮಕಮಲ್ಲಿನ ಟೊಪ್ಪಿಗೆ ತಂದಿದ್ದರು. ಅದು ಕೂಸಿನ ತಲೆಗೆ ಬಹಳ ದೊಡ್ಡದು, ನನ್ನ ತಲೆಗೆ ಸರಿಯಾಗುತ್ತಿತ್ತು. ಅವ್ವ ತಾಟಿನಲ್ಲಿ ಕರದಂಟು ತಂದಿಟ್ಟಳು. ಗೋಕಾಕದ ಪೇಟೆಯಿಂದ ಅಪ್ಪ ತಾವೇ ಹೋಗಿ ತಂದದ್ದು, ಬೆಲ್ಲ ಅಂಟು ಹೊಳೆಯುವಂಥದ್ದು.

"ನಮ್ಮಲ್ಲಿ ಇದರಕಿಂತ ಛಲೋದು ಸಿಗತೈತಿ," ಎಂದರು ಅತ್ತೆಯವರು. ಹಾಗೆನ್ನುತ್ತಲೇ ಅರ್ಧ ತಾಟು ಖಾಲಿ ಮಾಡಿದರು.

ಆಮೇಲೆ ಅವ್ವ ಕೌದಿಯನ್ನು ತಂದಳು. ಮೂರು ಮೂಲೆ ಮುಚ್ಚಿತ್ತು, ನಾಲ್ಕನೆಯದು ತೆರೆದಿತ್ತು. ನಮ್ಮ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡುವುದಿಲ್ಲ. ಕೊನೆಯ ಮೂಲೆಯೊಳಗೆ ಒಣಗಿ ಗರಿಗರಿಯಾದ ಕಟಕ ರೊಟ್ಟಿಯ ಒಂದು ಚೂರು ಇಟ್ಟು ಹೊಲಿಯುತ್ತೇವೆ. ಕೌದಿ ಉಂಡಿದ್ದರೆ ಅದರ ಮೇಲೆ ಮಲಗಿದ ಕೂಸಿಗೆ ಉಣ್ಣಲು ಕಡಿಮೆಯಾಗುವುದಿಲ್ಲ ಎಂದು ನಂಬಿಕೆ. ಕೂಸಿನ ಕೌದಿಯಾದರೆ ಆ ಮೂಲೆಯನ್ನು ಕೂಸಿನ ತಂದೆಯ ಕಡೆಯ ಹಿರಿಯ ಹೆಣ್ಣುಮಗಳು ಮುಚ್ಚಬೇಕು. ಆಗಲೇ ಅದು ಎರಡೂ ಮನೆಯ ಕೌದಿ. ಅವ್ವ ಅರಿಷಿಣ ಕುಂಕುಮದ ಜೊತೆಗೆ ರೊಟ್ಟಿಯ ಚೂರನ್ನು ತಾಟಿನಲ್ಲಿಟ್ಟು ಮುಂದೆ ಹಿಡಿದಳು.

ಅತ್ತೆಯವರು ನೋಡಿದರು. "ಜ್ವಾಳದ ರೊಟ್ಟಿ? ನಮ್ಮ ಮನಿ ಕೂಸಿಗೆ? ಮೊದಲ ಹಾಸಿಗಿ ಅಂತ ತ್ಯಾಪಿ ಹಚ್ಚಿದ ಚಿಂದಿ, ಮ್ಯಾಲೆ ಒಣಾ ರೊಟ್ಟಿ. ಮಂದಿ ಏನಂದಾರು?"

"ಪದ್ಧತಿ ಐತಿರಿ ಬೀಗತೇರ..." ಎಂದಳು ಅವ್ವ.

"ಬಡವರ ಪದ್ಧತಿ ಬಡವರಿಗೆ ಇರಲಿ." ಎಂದವರೇ ತಮ್ಮ ಬಾಜೂ ಇದ್ದ ತಾಟಿನಿಂದ ಕರದಂಟಿನ ಒಂದು ದೊಡ್ಡ ತುಂಡು ಎತ್ತಿ ಮೂಲೆಯೊಳಗೆ ತುರುಕಿದರು. ನಮ್ಮದೇ ಕರದಂಟು! ತಮ್ಮ ಸಂಚಿಯಿಂದ ತೆಗೆದದ್ದಲ್ಲ. "ಗಂಗಾ, ದಾರಾ ಪೋಣಿಸು."

ಅಕ್ಕ ಹೊರಸಿನಲ್ಲಿ ಕೂತಲ್ಲಿಂದಲೇ ದಬ್ಬಣಕ್ಕೆ ದಾರ ಪೋಣಿಸಿ ಕೊಟ್ಟಳು. ಅತ್ತೆಯವರು ಚೀಲದ ಬಾಯಿ ಕಟ್ಟಿದಂತೆ ನಾಲ್ಕು ಉದ್ದುದ್ದ ಹೊಲಿಗೆ ಹಾಕಿದರು. ಆಯಿ ಆಗ ಬಚ್ಚಲಿನಲ್ಲಿ ಕೂಸಿಗೆ ಎರೆಯುತ್ತಿದ್ದಳು, ನೋಡಲಿಲ್ಲ. ಅವ್ವ ನೋಡಿದಳು, ಆದರೆ ಬೀಗರ ಕೈಯ ಹೊಲಿಗೆ ಬಿಚ್ಚುವುದು ಅಪಶಕುನವೆಂದು ಬಾಯಿ ಬಿಡಲಿಲ್ಲ. ಕೌದಿಯನ್ನು ಮಡಿಸಿ ತೊಟ್ಟಿಲೊಳಗೆ ಇಟ್ಟಳು.

ಮರುದಿನ ಓಣಿಯ ಹೆಂಗಸರೆಲ್ಲ ನೆರೆದರು. ಪದ್ಧತಿಯಂತೆ ಮೊದಲು ಒರಳಿನ ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ, ಕುಂಕುಮ ಹಚ್ಚಿ, ಅದನ್ನೇ ಕೂಸೆಂದು ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಗುಂಡಕಲ್ಲು ಏನೂ ಅನ್ನಲಿಲ್ಲ. ಆಮೇಲೆ ಅದನ್ನು ತೆಗೆದು ನಿಜವಾದ ಕೂಸನ್ನು ಮಲಗಿಸಿದರು. ಎರಡು ಸಲ ತೂಗುವುದರೊಳಗೆ ಕೂಸು ಕಿಟಾರನೆ ಕಿರುಚಿತು. ಹಾಡು ನಿಂತಿತು. ಅವ್ವ ಎತ್ತಿಕೊಂಡು ನೋಡಿದರೆ ತೊಡೆಯ ಮೇಲೆ ಕೆಂಪು ಗಂದೆ, ಕೆಂಪಿರುವೆ. ಕೌದಿಯ ಮೂಲೆಯಿಂದ ಸಾಲು ಹೊರಟು ತೊಟ್ಟಿಲ ಸರಪಳಿ ಹತ್ತಿ ತೊಲೆಯವರೆಗೆ ಹೋಗಿತ್ತು.

ಅತ್ತೆಯವರಿಗೆ ಬೇಕಾಗಿದ್ದೇ ಅದು. "ನೋಡ್ರಿವಾ ಎಲ್ಲಾರೂ! ಹೊಲಸ ಚಿಂದಿ ಮ್ಯಾಲೆ ನನ್ನ ಮೊಮ್ಮಗನ್ನ ಮಲಗಿಸ್ಯಾರ. ಇರುವಿ ಹಿಡದೈತಿ. ಗಂಗಾ, ಏಳು. ನಾಳಿ ಯಾಕ, ಇವತ್ತ ನಡಿ. ಛಕಡಿ ಹೂಡಸ್ತೇನಿ."

ಅಕ್ಕ ಹೊರಸಿನಿಂದ ಏಳಲು ಹೋದಳು, ಖರೆ. ಗೋಡೆ ಹಿಡಿದು ಅರ್ಧ ಎದ್ದು, ಮತ್ತೆ ಕುಸಿದು ಕೂತಳು. ತುಟಿ ಬೆಳ್ಳಗಾಗಿತ್ತು. ಅವ್ವ ಕೂಸನ್ನು ಅಪ್ಪಿಕೊಂಡು ನಿಂತೇ ಇದ್ದಳು.

ಆಯಿ ಕೌದಿಯನ್ನು ಎತ್ತಿದಳು. ಇರುವೆಯ ಸಾಲು ಹಿಡಿದು ಬೆರಳಾಡಿಸುತ್ತ ನಾಲ್ಕನೆಯ ಮೂಲೆಗೆ ಬಂದಳು, ಅಲ್ಲಿನ ಹೊಲಿಗೆ ನೋಡಿ ಹುಬ್ಬು ಗಂಟಿಕ್ಕಿದಳು. ಅದು ತನ್ನ ಮನೆಯ ಕೈಯದಲ್ಲ ಎಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಹಲ್ಲಿನಿಂದಲೇ ದಾರ ಕಡಿದು ಮೂಲೆಯನ್ನು ತಾಟಿನ ಮೇಲೆ ಕೊಡವಿದಳು. ಟಪ್ ಎಂದು ಬಿತ್ತು ಕರದಂಟು, ಮೈತುಂಬ ಇರುವೆ.

"ಕೌದಿ ಉಂಡಿಲ್ಲ ಬೀಗತೇರ," ಎಂದಳು ಆಯಿ, "ಇರುವಿ ಉಂಡಾವ."

ಅತ್ತೆಯವರು ನತ್ತನ್ನು ಸರಿಪಡಿಸಿಕೊಂಡರು. ಅವರ ಕಣ್ಣು ಗುಂಪಿನಲ್ಲಿ ಸುತ್ತಾಡಿ ನನ್ನ ಮೇಲೆ ನಿಂತಿತು. "ಹುಡುಗ್ರು ತುರುಕಿರಬೇಕು. ಕಾನ್ವೆಂಟ ಸಾಲಿ ಕಲಿಯೋ ಹುಡುಗಿ, ಇದಕ್ಕ ಪದ್ಧತಿ ಏನ್ ಗೊತ್ತಿರತೈತಿ?"

ನನಗೆ ಅಳು ಬಂತು. ಆಗ ಹೊರಸಿನ ಕಡೆಯಿಂದ ಒಂದು ಸಣ್ಣ ದನಿ ಕೇಳಿತು. ಮದುವೆಯಾದಾಗಿನಿಂದ ಅತ್ತೆಯವರ ಎದುರು ಆ ದನಿ ಎದ್ದದ್ದನ್ನು ಯಾರೂ ಕೇಳಿರಲಿಲ್ಲ.

"ನೀವ ಹಾಕಿದ್ರಿ, ಅತ್ತೀ. ದಾರಾ ನಾನ ಪೋಣಿಸಿ ಕೊಟ್ಟೇನಿ."

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಪಡಸಾಲೆಯ ಬಾಗಿಲಲ್ಲಿ ಮಾವನವರು ನಿಂತಿದ್ದರು, ಯಾವಾಗ ಬಂದರೋ. ಅವರು ಕೆಮ್ಮಿದರು. "ಸೊಸಿ ಐದ ತಿಂಗಳ ಇಲ್ಲೇ ಇರಲಿ," ಎಂದರು. ಇಷ್ಟೇ. ಆಮೇಲೆ ಯಾರಿಗೂ ಸಿಗದಂತೆ ಹೊರಗೆ ಎತ್ತುಗಳ ಹತ್ತಿರ ಹೋಗಿಬಿಟ್ಟರು. ಧೈರ್ಯ ಎಂದರೆ ಅವರ ಪಾಲಿಗೆ ಅಷ್ಟೇ ಬಂದಿತ್ತು. ಅದನ್ನೆಲ್ಲ ಒಂದೇ ಸಲ ಖರ್ಚು ಮಾಡಿದರು.

ಆಯಿ ಕೌದಿಯನ್ನು ಹಿತ್ತಲಲ್ಲಿ ಜಾಡಿಸಿ, ಬಿಸಿಲಿಗೆ ಹಾಕಿ, ಸಂಜೆಗೆ ಮತ್ತೆ ತಾಟು ತಂದಿಟ್ಟಳು. ತಾಟಿನಲ್ಲಿ ಅದೇ ರೊಟ್ಟಿಯ ಚೂರು. "ಹಾಕ್ರಿ ಬೀಗತೇರ. ಕೂಸ ನಿಮ್ದೂ ಹೌದಲ್ಲ."

ಎಲ್ಲರ ಕಣ್ಣ ಮುಂದೆ ಅತ್ತೆಯವರು ಜೋಳದ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಇಟ್ಟರು, ಮತ್ತೆ ಹೊಲಿದರು. ಸಿಟ್ಟಿನಲ್ಲಿ ಹಾಕಿದ ಹೊಲಿಗೆ. ಮೊದಲಿನದಕ್ಕಿಂತ ಉದ್ದ, ಮೊದಲಿನದಕ್ಕಿಂತ ಸೊಟ್ಟ. ಕೂಸು ಅದರ ಮೇಲೆ ನಿದ್ದೆಹೋಯಿತು. ಅತ್ತೆಯವರು ಬದುಕಿರುವವರೆಗೆ ಹುಕ್ಕೇರಿಯಲ್ಲಿ ಹೇಳಿಕೊಂಡು ತಿರುಗಿದರು: ಫಾಲ್ಸಿನ ಬೀಗರು ನಮಗೆ ಇರುವೆಯ ಕೌದಿ ಕೊಟ್ಟರು ಎಂದು. ಅದೇ ಕೌದಿಯ ಮೇಲೆ ಅಕ್ಕನ ಮಕ್ಕಳೆಲ್ಲ ಮಲಗಿ ಬೆಳೆದರು, ಅದನ್ನು ಮಾತ್ರ ಎಲ್ಲಿಯೂ ಹೇಳಲಿಲ್ಲ.

ಆಯಿ ಹೋದಳು, ಅವ್ವ ಹೋದಳು, ಅಕ್ಕನೂ ಹೋದಳು. ಅಂದು ಕಿರುಚಿದ ಆ ಕೂಸು ಈಗ ತಾನೇ ಅಜ್ಜ. ಹೋದ ತಿಂಗಳು ಅವನ ಮೊಮ್ಮಗಳ ತೊಟ್ಟಿಲು ಬೆಳಗಾವಿಯ ಕಾರ್ಯಾಲಯದಲ್ಲಿ ಆಯಿತು. ತೊಟ್ಟಿಲು ಬಾಡಿಗೆಯದು. ಗುಂಡಕಲ್ಲು ಬೇಡವೆಂದರಂತೆ, ಫೋಟೋದಲ್ಲಿ ಚಂದ ಕಾಣುವುದಿಲ್ಲ. ಊಟವಾದ ಮೇಲೆ ಅವನ ಸೊಸೆ ನನ್ನನ್ನು ಮನೆಗೆ ಕರೆದೊಯ್ದಳು. ಹಾಲ್‌ನ ಗೋಡೆಯ ಮೇಲೆ ದೊಡ್ಡದೊಂದು ಗಾಜಿನ ಚೌಕಟ್ಟು. ಒಳಗೆ ನಮ್ಮ ಕೌದಿ. ಆಯಿಯ ಸೆರಗು, ಅಜ್ಜನ ರುಮಾಲು, ಪಕ್ಕದಲ್ಲಿ ನನ್ನ ನೀಲಿ ಫ್ರಾಕು.

"ನಮ್ಮ ಹುಕ್ಕೇರಿ ದೊಡ್ಡಜ್ಜಿ ಹೊಲದಿದ್ದಂತ್ರಿ," ಎಂದಳು ಹುಡುಗಿ, ಬಂದವರಿಗೆಲ್ಲ ಹೇಳಿ ರೂಢಿಯಾದ ದನಿಯಲ್ಲಿ. "ಬಾಕಿ ಹೊಲಿಗಿ ಮಷೀನಿನ ಗತೆ ಅದಾವ, ಯಾರೂ ಕೈಲೆ ಹಾಕಿದ್ದಂತ ನಂಬೂದಿಲ್ರಿ. ಈ ಮೂಲಿ ನೋಡ್ರಿ, ಎಷ್ಟ ನ್ಯಾಚುರಲ್ ಐತಿ. ಇದನ್ನ ತೋರಿಸಿದ ಮ್ಯಾಲೆ ನಂಬತಾರ."

"ಹೌದವಾ," ಎಂದೆ. "ಆ ಮೂಲಿ ಮಾತ್ರ ಖರೆ ಅವರದ."

ಅವಳಿಗೆ ಸಂತೋಷವಾಯಿತು. ಚಹ ತರಲು ಒಳಗೆ ಹೋದಳು. ತಂದಿಟ್ಟ ಟ್ರೇಯ ಮೇಲೆ ಒಂದು ಬಿಳಿ ಬಟ್ಟೆ ಹಾಸಿತ್ತು, ಅಂಚಿಗೆ ನೀಲಿ ಹೂವು, ಅಂಗಡಿಯದು. ನಾನು ಎದ್ದು ಹೋಗಿ ನಾಲ್ಕನೆಯ ಮೂಲೆಯ ಮೇಲೆ ಬೆರಳಿಟ್ಟೆ. ಒಳಗೆ ರೊಟ್ಟಿಯ ಚೂರು ಇನ್ನೂ ಕೈಗೆ ಹತ್ತುತ್ತದೋ ಎಂದು ನೋಡಬೇಕಾಗಿತ್ತು. ಗಾಜು ತಣ್ಣಗಿತ್ತು. ಪಕ್ಕದ ಕೋಣೆಯಲ್ಲಿ ಕೂಸು ಗಿಡಗಂಟಿ, ಹಕ್ಕಿಗಳ ಚಿತ್ರದ ಹೊಸ ಹಾಸಿಗೆಯ ಮೇಲೆ ಬಹಳ ಹೊತ್ತಿನಿಂದ ಅಳುತ್ತಿತ್ತು.