ಐದಕ್ಕೆ ಮೂರು

ಕಳೆದ ವಾರ ನಮ್ಮ ಮನೆಯ ಫ್ರಿಜ್ಜು ತಂಪು ಮಾಡುವ ತನ್ನ ಮೂಲ ಕರ್ತವ್ಯದಿಂದ ನಿವೃತ್ತಿ ಘೋಷಿಸಿತು. ಅದನ್ನು ಮರಳಿ ಸೇವೆಗೆ ಕರೆಸಲು ಕಂಪನಿಯವರು ಭಟ್ಕಳದಿಂದ ಇರ್ಫಾನ್ ಎಂಬ ಮೆಕ್ಯಾನಿಕರನ್ನು ಕುಮಟೆಗೆ ಕಳಿಸಿದರು. ನಲವತ್ತು ದಾಟಿದ ಗೃಹಸ್ಥರು. ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ವೈದ್ಯರ ಗಾಂಭೀರ್ಯದಿಂದ ಆಲಿಸಿ, ಒಂದು ತಾಸಿನಲ್ಲಿ ರೋಗಿಯನ್ನು ಎಬ್ಬಿಸಿ ಕೂರಿಸಿದರು. ಅಷ್ಟರಲ್ಲಿ ನನ್ನ ಮೊಬೈಲು ಕಿಣಿಗುಟ್ಟಿತು.

“ಸಾರ್, ಕಂಪನಿ ಮೆಸೇಜು. ಐದು ಸ್ಟಾರ್ ಒತ್ತಿಬಿಡಿ.”

“ನಾಲ್ಕು ಸಾಕಾಗೂದಿಲ್ವಾ?”

“ನಾಲ್ಕು ಬಂದ್ರೆ ಎಂತ ತಪ್ಪು ಮಾಡಿದ್ದಿ ಅಂತ ಮೇಲಿಂದ ಫೋನ್ ಬರ್ತದೆ. ಮೂರು ಬಂದ್ರೆ ಹುಬ್ಬಳ್ಳಿಗೆ ಕರೆದು ಟ್ರೇನಿಂಗ್ ಕೊಡ್ತಾರೆ. ನಂಗೆ ಟ್ರೇನಿಂಗ್ ಕೊಡೋ ಹುಡ್ಗಂಗೆ ಕೆಲಸ ಕಲಿಸಿದ್ದು ನಾನೇ ಸಾರ್!”

ನಾನು ನೋಡಿಕೊಂಡರೆ, ನನ್ನ ಹೆಬ್ಬೆರಳು ಆಗಲೇ ಮೂರನೆಯ ನಕ್ಷತ್ರದ ಮೇಲೆ ಹೋಗಿ ನಿಂತಿತ್ತು. ಇರ್ಫಾನರ ಕೆಲಸದಲ್ಲಿ ಊನವೇನಿರಲಿಲ್ಲ. ಅದು ಬೆರಳಿಗೆ ಸಿಕ್ಕ ಸಂಸ್ಕಾರ. ಇದೇ ಬೆರಳು ಹಿಂದೊಮ್ಮೆ ಒಬ್ಬ ಒಳ್ಳೆಯ ಮನುಷ್ಯನಿಗೆ ಊರು ಬಿಡಿಸಿದೆ. ಇರ್ಫಾನ್ ಚಹಾ ಕುಡಿಯಲು ಕೂತಿದ್ದಾರೆ; ಅಷ್ಟರಲ್ಲಿ ನಿಮಗೆ ಅದನ್ನು ಹೇಳಿ ಮುಗಿಸುತ್ತೇನೆ.

ನಾನಾಗ ಒಂದು ದೊಡ್ಡ ಕಂಪನಿಯ ಗುಮಾಸ್ತ. ಎಷ್ಟು ದೊಡ್ಡದೆಂದರೆ ಅದರ ಯಜಮಾನರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಗೋಡೆಯ ಪಟದಲ್ಲಿ ಮಾತ್ರ ದರ್ಶನ. ಕಂಪನಿಯ ತಲೆ ಮುಂಬಯಿಯಲ್ಲಿತ್ತು. ತದಡಿ ಬಂದರಿನಲ್ಲಿದ್ದ ನಮ್ಮ ಸಿಗಡಿ ಶೆಡ್ಡು ಅದರ ಕಾಲಿನ ಕಿರುಬೆರಳಿನ ಉಗುರು. ದೋಣಿಯಿಂದ ಬಂದ ಸಿಗಡಿಯನ್ನು ಸುಲಿದು, ಮಂಜುಗಡ್ಡೆಯಲ್ಲಿಟ್ಟು ಲಾರಿ ಹತ್ತಿಸುವುದು ಅಲ್ಲಿನ ಉದ್ಯೋಗ. ಸುಲಿಯುವ ಕೆಲಸ ಹೆಂಗಸರದು. ಅವರಿಗೆಲ್ಲ ಹಿರಿಯಳು ಪಾರ್ವತಕ್ಕ. ಅವಳ ಮಾತಿನ ಮುಂದೆ ಮಂಜುಗಡ್ಡೆಯೇ ಎಷ್ಟೋ ಬೆಚ್ಚಗೆ.

ಇಂಥ ಶೆಡ್ಡಿಗೆ ಮ್ಯಾನೇಜರಾಗಿ ಬಂದವರು ವಿಜಾಪುರ ಕಡೆಯ ಪಾಟೀಲ ಸಾಹೇಬರು. ಮೀನು ಹಾಗಿರಲಿ, ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದವರು. ಅಂಥವರನ್ನು ಹುಡುಕಿ ತೆಗೆದು ಸಿಗಡಿಯ ನಡುವೆ ಕೂರಿಸುವ ದೂರದೃಷ್ಟಿ ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯ. ಮೊದಲ ತಿಂಗಳು ಸಾಹೇಬರು ಮೂಗಿನಿಂದ ಕರವಸ್ತ್ರ ತೆಗೆಯಲಿಲ್ಲ. ಎರಡನೆಯ ವರ್ಷಕ್ಕೆ ಹತ್ತು ಮಾರು ದೂರದಿಂದಲೇ “ಪಾರ್ವತಕ್ಕ, ಆ ಬುಟ್ಟ್ಯಾಗಿಂದು ನಿನ್ನಿ ಮಾಲು, ಬ್ಯಾಡ” ಎನ್ನುವಷ್ಟು ಪಂಡಿತರಾದರು. ಜೀವಮಾನದಲ್ಲಿ ಒಂದು ಸಿಗಡಿ ಬಾಯಿಗಿಡದೆ ಅದರ ಜಾತಕ ಹೇಳಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರು ಮಾಡಿದ ಒಂದು ಅಪರಾಧವನ್ನು ಇಲ್ಲಿ ದಾಖಲಿಸಬೇಕು. ಮಂಜಿನ ನೀರಿನಲ್ಲಿ ಕೈಯಿಟ್ಟು ಹೆಂಗಸರ ಬೆರಳು ಮರಗಟ್ಟುವುದನ್ನು ನೋಡಲಾರದೆ, ಶೆಡ್ಡಿನ ಹಿಂದೆ ಒಲೆ ಹೂಡಿಸಿ ಒಂದು ತಾಮ್ರದ ಹಂಡೆ ಇಡಿಸಿದರು. ತಾಸಿಗೊಮ್ಮೆ ಎಲ್ಲರೂ ಹೋಗಿ ಬಿಸಿನೀರಿನಲ್ಲಿ ಕೈ ಅದ್ದಿ ಬರಬೇಕು. ಕಂಪನಿಯ ನಿಯಮದಲ್ಲಿ ಹಂಡೆಗೆ ಜಾಗವಿರಲಿಲ್ಲ. ಹಾಗಾಗಿ ಸಾಹೇಬರು ಹೇಳಿದಂತೆ ನಾನು ಕಾಗದದಲ್ಲಿ ಅದನ್ನು ‘ಉಷ್ಣಜಲ ಶುದ್ಧೀಕರಣ ಘಟಕ’ ಎಂದು ಬರೆದೆ. ನನ್ನ ಸಾಹಿತ್ಯ ಸೇವೆ ಅಷ್ಟೇ.

ಹೀಗಿರಲು ಮುಂಬಯಿಯಿಂದ ಒಂದು ಕಟ್ಟು ಫಾರ್ಮು ಬಂತು. ನೌಕರರ ಮನದಾಳವನ್ನು ಅರಿಯಬೇಕೆಂದು ಕಂಪನಿಗೆ ಹಂಬಲ ಹುಟ್ಟಿತ್ತು. ನಿಮ್ಮ ಮ್ಯಾನೇಜರು ಹೇಗೆ? ಕೆಲಸದ ಜಾಗ ಹೇಗೆ? ಪ್ರತಿ ಪ್ರಶ್ನೆಗೆ ಐದರೊಳಗೆ ಒಂದು ಅಂಕೆಗೆ ಗುರುತು ಹಾಕಬೇಕು, ಹೆಸರು ಬರೆಯಬಾರದು. ಓದಿ ಹೇಳುವ ಭಾರ ವಿದ್ಯಾವಂತನಾದ ನನ್ನ ಮೇಲೆ ಬಿತ್ತು.

“ಸಾಹೇಬ್ರಿಗೆ ಎಷ್ಟು ಹಾಕೂದ್ರಾ?” ಎಂದಳು ಪಾರ್ವತಕ್ಕ.

ನಮ್ಮ ಕರಾವಳಿಯ ರಿವಾಜು ನಿಮಗೆ ಗೊತ್ತಿರಬಹುದು. ಮದುವೆಯೂಟ ಅಮೃತದಂತಿದ್ದರೂ ಕೈ ತೊಳೆಯುತ್ತ ನಾವು ಹೇಳುವುದು “ಅಡ್ಡಿಲ್ಲ” ಎಂದಷ್ಟೇ. ಅದಕ್ಕಿಂತ ಮೇಲಿನ ಹೊಗಳಿಕೆ ನಮ್ಮಲ್ಲಿಲ್ಲ. ತುಂಬಾ ಹೊಗಳಿದರೆ ದೃಷ್ಟಿ ತಾಗುತ್ತದೆ. ಹೊಗಳಿಸಿಕೊಂಡ ಮಗು ರಾತ್ರಿಯೊಳಗೆ ಜ್ವರ ಹಿಡಿದು ಮಲಗುತ್ತದೆ. ಆದ್ದರಿಂದ ನಾನು ನ್ಯಾಯಾಧೀಶನಂತೆ ಗಂಟಲು ಸರಿಮಾಡಿಕೊಂಡು ತೀರ್ಪಿತ್ತೆ: “ಮೂರು ಹಾಕಿ. ಮರ್ಯಾದೆಯಾಗಿ ಕಾಣ್ತದೆ.”

ನಾನೂ ಸೇರಿ ಎಲ್ಲರೂ ಮೂರು ಹಾಕಿದೆವು. ಪ್ರೀತಿ ತಡೆಯಲಾರದೆ ನಾಲ್ಕು ಹಾಕಿದ್ದ ಒಬ್ಬಳಿಗೆ ಪಾರ್ವತಕ್ಕ ಬೈದು ತಿದ್ದಿಸಿದಳು.

ಇಡೀ ದೇಶದಲ್ಲಿ ಅತ್ಯಂತ ಅತೃಪ್ತ ನೌಕರರಿರುವುದು ತದಡಿಯಲ್ಲೆಂದು ಮುಂಬಯಿಯ ಕಂಪ್ಯೂಟರು ಪತ್ತೆಮಾಡಿತು. ತಿಂಗಳೊಳಗೆ ಒಬ್ಬ ಮೇಡಂ ವಿಚಾರಣೆಗೆ ಬಂದಿಳಿದರು. ಸಾಹೇಬರನ್ನು ಬಾಗಿಲ ಹೊರಗೇ ಕೂರಿಸಿ, ಪಾರ್ವತಕ್ಕನನ್ನು ಕರೆದು ಹಿಂದಿಯಲ್ಲಿ ಕೇಳಿದರು. ದುಭಾಷಿ ನಾನೇ.

“ಪಾಟೀಲರಿಂದ ನಿಮಗೆ ಏನು ತೊಂದರೆ?”

“ತೊಂದ್ರೆಯಾ? ಎಂತದೂ ಇಲ್ಲ. ದೇವ್ರಂತಾ ಮನುಷ್ಯ.”

“ಹಾಗಾದರೆ ಯಾಕೆ ಮೂರೇ?”

“ಮತ್ತೆ ಐದು ಕೊಟ್ಟು ಅವ್ರಿಗೆ ದೃಷ್ಟಿ ತಾಗ್ಸೂದಾ? ಈ ಬಾಯಮ್ಮಂಗೆ ಅಷ್ಟೂ ತೆಳಿಯುದಿಲ್ವಾ? ಸಮಾ ಹೇಳಿ ನೀವು!”

ನಾನು ಸಮಾ ಹೇಳಿದೆ. ನನ್ನ ಹಿಂದಿ ಶಾಲೆಯ ಪರೀಕ್ಷೆಗೆಂದು ಕಲಿತದ್ದು. ಅದರಲ್ಲಿ ದೃಷ್ಟಿ ತಾಗುವ ಪಾಠ ಇರಲಿಲ್ಲ. ತೊಡರಿ, ಬೆವತು, ಕೈಸನ್ನೆಯಲ್ಲಿ ಉಪ್ಪು ನಿವಾಳಿಸಿಯೂ ತೋರಿಸಿದೆ. ಮೇಡಂ ಗಾಬರಿಯಿಂದ ನನ್ನನ್ನು ನೋಡಿ, ನೌಕರರು ಬಾಯಿಬಿಡಲು ಹೆದರುತ್ತಿದ್ದಾರೆ ಎಂದು ಬರೆದುಕೊಂಡರು. ಹದಿನೈದು ದಿನಕ್ಕೆ ಸಾಹೇಬರಿಗೆ ಗುಜರಾತಿನ ಯಾವುದೋ ಬಂದರಿಗೆ ವರ್ಗವಾಯಿತು.

ಪಾರ್ವತಕ್ಕ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಆಡಿದ್ದು ಒಂದೇ ಮಾತು: “ನಿಮ್ಮ ಮರ್ಯಾದೆ ತಂದು ಹಂಡೆ ಒಲೆಗೆ ಹಾಕಿ.” ಹೊಸಬರು ಬಂದರೆ ಹಂಡೆ ಹೋಗುತ್ತದೆಂಬುದು ಎಲ್ಲರ ಭಯವಾಗಿತ್ತು.

ಕೊನೆಯ ದಿನ ಸಾಹೇಬರು ನನ್ನನ್ನು ಕೋಣೆಗೆ ಕರೆದರು. ಮೂರು ಹಾಕಿಸಿದ್ದು ಯಾರೆಂದು ಅವರಿಗೆ ಗೊತ್ತಿದೆ ಎಂದು ಮುಖ ನೋಡಿದೊಡನೆ ತಿಳಿಯಿತು. ಕ್ಷಮೆ ಕೇಳಲು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ “ಸಾಹೇಬ್ರೆ…” ಎಂಬಲ್ಲಿಗೆ ನಿಂತಿತು.

“ಇರ್ಲಿ ಬಿಡ್ರಿ. ಹಂಡೇದ ಮ್ಯಾಲೆ ಕಂಪನಿ ಆಸ್ತಿ ನಂಬರ್ ಹೊಡಸೀನಿ. ಇನ್ನ ಅದನ್ನ ತಗೀಬೇಕಂದ್ರ ಏಳು ಮಂದಿ ಸಹಿ ಬೇಕು. ಯಾರೂ ತಗಿಯೂದಿಲ್ಲ,” ಎಂದು ಒಂದು ಹಾಳೆ ಮುಂದೆ ತಳ್ಳಿದರು. ಬಿಟ್ಟುಹೋಗುವ ಮ್ಯಾನೇಜರೂ ತನ್ನ ಶೆಡ್ಡಿನ ಬಗ್ಗೆ ಅಭಿಪ್ರಾಯ ತುಂಬಬೇಕಿತ್ತು. ನೌಕರರು ಹೇಗೆ? ಊರು ಹೇಗೆ? ಎಲ್ಲದಕ್ಕೂ ಮೂರರ ಮೇಲೆ ಗುರುತು.

“ಎಂತ ಸಾಹೇಬ್ರೆ ಇದು?”

“ಮತ್ತ ಏನ್ರೀ? ಐದು ಹಾಕಿ ನಿಮಗೆಲ್ಲಾ ದೃಷ್ಟಿ ತಾಗಸ್ಲೇನು?”

ನಗುತ್ತಲೇ ಹೇಳಿದರು. ನನಗೆ ಕಣ್ಣು ಮಂಜಾಯಿತು. ಅದು ಮಂಜುಗಡ್ಡೆಯ ಹವೆಯೆಂದು ಪಾರ್ವತಕ್ಕನಿಗೆ ಹೇಳಿದೆ, ಅವಳು ನಂಬಲಿಲ್ಲ. ಹಂಡೆಯಂತೂ ಅವಳು ಕೆಲಸ ಬಿಡುವವರೆಗೂ ಇತ್ತು.

ಇರ್ಫಾನರ ಚಹಾ ಮುಗಿಯಿತು. ನಾನು ಬೆರಳನ್ನು ಬಲವಂತವಾಗಿ ಬಲಕ್ಕೆ ಸರಿಸಿ ಐದನೆಯ ನಕ್ಷತ್ರ ಒತ್ತಿದೆ. ಕೆಳಗೆ, ಬೇಕಿದ್ದರೆ ನಾಲ್ಕು ಮಾತು ಬರೆಯಿರಿ ಎಂದು ಒಂದು ಖಾಲಿ ಚೌಕ. ಅದರಲ್ಲಿ ‘ಅಡ್ಡಿಲ್ಲ’ ಎಂದು ಬರೆದು ಅವರಿಗೆ ತೋರಿಸಿದೆ.

ಐದು ನಕ್ಷತ್ರ ಕಂಡು ಇರ್ಫಾನ್ ನಿರಾಳವಾಗಿ ಉಸಿರು ಬಿಟ್ಟಿದ್ದರು, ಅಷ್ಟೇ. ಈಗ ಕನ್ನಡಕ ಏರಿಸಿ ಕೆಳಗಿನದನ್ನು ಓದಿದರು. ಮುಖ ಅರಳಿತು.

“ಹೌದಾ ಸಾರ್? ನಿಜವಾಗ್ಲೂ ಅಷ್ಟು ಚೆನ್ನಾಗಾಯ್ತಾ?”