ಮೂರು ಅಡಿಟಿಪ್ಪಣಿ, ಒಂದೇ ಅಜ್ಜಿ

ಕಳೆದ ಶನಿವಾರ ನನ್ನ ಅಜ್ಜಿ ಸಿಕ್ಕಿಬಿದ್ದಳು. ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೆ, ಕೆಂಪು ಇಂಕಿನಲ್ಲಿ.

ಹಿಡಿದು ತಂದವಳು ಸುಮನಾ. ಹನುಮಂತನಗರದ ಹುಡುಗಿ, ಎಂ.ಫಿಲ್. ಮಾಡುತ್ತಿದ್ದಾಳೆ. ವಿಷಯ: ಬೆಂಗಳೂರಿನ ಹಳೆ ಬಡಾವಣೆಗಳ ಅಡುಗೆಮನೆ. (ನಗಬೇಡಿ. ರಾಜರ ಕತ್ತಿಯ ಬಗ್ಗೆ ಸಂಶೋಧನೆ ಮಾಡಬಹುದಾದರೆ ಈಳಿಗೆಮಣೆಯ ಬಗ್ಗೆ ಯಾಕೆ ಮಾಡಬಾರದು?)

ಚಾಮರಾಜಪೇಟೆಯ ನಮ್ಮ ಮನೆಗೆ ಬಂದವಳೇ ಚೀಲದಿಂದ ಒಂದು ಅಧ್ಯಾಯ ತೆಗೆದು ಟೀಪಾಯಿಯ ಮೇಲಿಟ್ಟಳು. ಅಂಚಿನಲ್ಲಿ ಅವಳ ಗೈಡ್ ಬರೆದಿದ್ದರು: ‘ಇದೇನಮ್ಮಾ, ಮೂರು ಅಡಿಟಿಪ್ಪಣಿ, ಮೂರರಲ್ಲೂ ಒಂದೇ ಅಜ್ಜಿ?’

ನೋಡಿದೆ. ಮೊದಲನೆಯದು ಇದೇ ಅಂಕಣ, ಎರಡು ವರ್ಷದ ಹಿಂದಿನದು. ಎರಡನೆಯದು ಯಾವುದೋ ಸಂಘದ ಸ್ಮರಣ ಸಂಚಿಕೆ. ಅದು ನನ್ನಿಂದ ಎತ್ತಿದ್ದು. ಮೂರನೆಯದು ಒಂದು ಮ್ಯಾಗಝೀನ್. ಅದು ಸ್ಮರಣ ಸಂಚಿಕೆಯಿಂದ ಎತ್ತಿದ್ದು. ಮೂರು ಸಾಕ್ಷಿ, ಹೇಳಿಕೊಟ್ಟವನು ಒಬ್ಬನೇ.

ಆ ಅಂಕಣ ನಿಮಗೆ ನೆನಪಿರಬಹುದು. ಹಾಗಲಕಾಯಿ ಗೊಜ್ಜು. ನಸುಕಿನ ಬೆಳಕು, ಒಲೆಯ ಮೇಲೆ ಕಲ್ಚಟ್ಟಿ, ಸೊಸೆಯ ಕೈಹಿಡಿದು ಗೊಜ್ಜು ಕಲಿಸುವ ಅತ್ತೆ. ಅತ್ತೆ ನನ್ನಜ್ಜಿ, ಸೊಸೆ ನನ್ನಮ್ಮ. ಎಷ್ಟೊಂದು ಜನ ಕಣ್ಣೀರಿಟ್ಟು ಕಾಗದ ಬರೆದಿದ್ದಿರಿ! ನೆನಪು ಓರಣವಾಗಿ ಬಂದು ನಿಂತರೆ ಮೊದಲು ಅನುಮಾನಿಸಿ ಎಂದು ನಿಮಗೆ ಹತ್ತು ಸಲ ಉಪದೇಶ ಮಾಡಿದವನು ನಾನೇ. ಆದರೆ ಏನು ಮಾಡಲಿ? ಮರುದಿನ ಬೆಳಗ್ಗೆ ಅಂಕಣ ಕೊಡಬೇಕಿತ್ತು.

“ಸರ್, ಸೋಮವಾರ ಸಬ್‌ಮಿಟ್ ಮಾಡ್ಬೇಕು. ಅಡುಗೆ ಅತ್ತೆಯಿಂದ ಸೊಸೆಗೆ ಇಳಿದು ಬಂತು ಅಂತ ಇಡೀ ಚಾಪ್ಟರ್ ನಿಂತಿರೋದೇ ಇದರ ಮೇಲೆ. ಇದು ನಿಜ ತಾನೇ?”

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು. “ಸುಳ್ಳು!”

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ನಮ್ಮತ್ತೆಗೆ ಸಾರು ಬಿಟ್ರೆ ಇನ್ನೇನೂ ಬರ್ತಿರ್ಲಿಲ್ಲ ಕಣಮ್ಮ. ಇವನು ಬರೆದಿದ್ದು ಓದಿ ಅವತ್ತೇ ನಗು ಬಂತು. ಪೇಪರಲ್ಲಿ ತಾನೇ, ಹೋಗ್ಲಿ ಅಂತ ಸುಮ್ನಿದ್ದೆ.”

ಸುಮನಾಳ ಕಣ್ಣು ತುಂಬಿತು. ಆರು ತಿಂಗಳ ಕೆಲಸ.

ಅಮ್ಮ ಒಳಗೆ ಹೋಗಿ ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್ ತಂದಳು. (ಅದರಲ್ಲಿರುವುದನ್ನೆಲ್ಲ ನಲವತ್ತು ವರ್ಷ ತಿಂದಿದ್ದೇನೆ. ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.) ಪ್ರತಿ ಅಡುಗೆಯ ಕೆಳಗೂ ಹೇಳಿಕೊಟ್ಟವರ ಹೆಸರು. ಹೆಸರಿನ ಮುಂದೆ ಅಮ್ಮನ ಷರಾ. ‘ಲಲಿತಾ. ನಂಬಬಹುದು.’ ‘ರೇಡಿಯೋದಲ್ಲಿ ಕೇಳಿದ್ದು. ಅಳತೆ ಬರೆದುಕೊಳ್ಳುವಷ್ಟರಲ್ಲಿ ಮುಗಿದುಹೋಯಿತು.’ ‘ಮದುವೆಮನೆ ಅಡುಗೆಯವರು. ಐನೂರು ಎಲೆಗೆ, ಭಾಗಿಸಿದ್ದು ನಾನು.’

ಹಾಗಲಕಾಯಿ ಗೊಜ್ಜಿನ ಕೆಳಗೆ: ‘ವಠಾರದ ಮೂರನೇ ಮನೆ ಪದ್ಮಾ. ಎಳ್ಳು ಹಾಕುವುದು ಹೇಳಲಿಲ್ಲ. ವಾಸನೆಯಿಂದ ಗೊತ್ತಾಯಿತು.’

ಯಾವ ಯೂನಿವರ್ಸಿಟಿಯಲ್ಲಿ ಇದನ್ನು ಹೇಳಿಕೊಡುತ್ತಾರೆ?

“ಅವರನ್ನ ಒಂದ್ಸಲ ಕೇಳ್ಬಹುದಾ ಆಂಟಿ?” ಎಂದಳು ಸುಮನಾ. ವಠಾರ ಬಿಟ್ಟು ಎಷ್ಟೋ ವರ್ಷವಾಯಿತು. ಪದ್ಮಮ್ಮ ಈಗ ಮಲ್ಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಮ್ಮ ಫೋನ್ ಮಾಡಿದಳು. ಪದ್ಮಮ್ಮ ಫೋನಿನಲ್ಲಿ ಮಾತಾಡುವುದಿಲ್ಲ, ಕೂಗುತ್ತಾರೆ. ನಮಗೂ ಕೇಳಿಸಿತು.

“ಗೊಜ್ಜಾ? ಅದು ನಂದೆಲ್ಲಿ ಕಣೇ ಕಮಲಾ! ನಿಮ್ಮತ್ತೆ ಹೇಳ್ಕೊಟ್ಟಿದ್ದು. ನಲ್ಲಿ ಹತ್ರ ನಿಂತ್ಕೊಂಡು ಎಲ್ಲಾ ಹೇಳಿದ್ರು. ಎಳ್ಳು ಮಾತ್ರ ಯಾರಿಗೂ ಹೇಳ್ಬೇಡ ಅಂದ್ರು.”

ಅಮ್ಮ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. “ನಂಗ್ಯಾಕೆ ಹೇಳ್ಲಿಲ್ಲ?”

“ನಾನೂ ಅದನ್ನೇ ಕೇಳ್ದೆ. ‘ಅವಳು ಕೇಳ್ಲೇ ಇಲ್ವಲ್ಲ’ ಅಂದ್ರು.”

ಫೋನ್ ಇಟ್ಟ ಅಮ್ಮ ನನ್ನ ಕಡೆ ತಿರುಗಿದಳು. “ನಾನು ಆ ಗೊಜ್ಜು ಮಾಡ್ದಾಗೆಲ್ಲ ಎರಡೆರಡು ಸಲ ಹಾಕಿಸ್ಕೊಳ್ತಿದ್ರು ಕಣೋ. ಒಂದು ಮಾತು ಆಡ್ಲಿಲ್ಲ.”

ಇತ್ತ ಸುಮನಾ ಕುಣಿಯುವುದೊಂದು ಬಾಕಿ. “ಸರ್, ನೇರವಾಗಿ ಬರ್ಲೇ ಇಲ್ಲ ಇದು! ಪಕ್ಕದ ಮನೆ ಸುತ್ಕೊಂಡು ಬಂತು! ಈ ನೋಟ್‌ಬುಕ್ ತುಂಬಾ ಹಾಗೇ ಇದೆ. ಭಾನುವಾರ ಪೂರ್ತಿ ಕೂತು ಚಾಪ್ಟರ್ ತಿರುಗಿಸಿ ಬರೀತೀನಿ.”

ನಾನೂ ಒಳಗೊಳಗೇ ಬೀಗಿದೆ. ಕೊನೆಗೂ ಅಜ್ಜಿಯ ಗೊಜ್ಜೇ ಆಯಿತಲ್ಲ! (ನಸುಕು ಇರಲಿಲ್ಲ. ಕಲ್ಚಟ್ಟಿ ಇರಲಿಲ್ಲ. ಕೈಹಿಡಿದು ಕಲಿಸಿದ್ದಂತೂ ಇಲ್ಲವೇ ಇಲ್ಲ. ಉಳಿದದ್ದೆಲ್ಲ ಸರಿ.) ಆದರೆ ಪದ್ಮಮ್ಮ ಹೇಳಿದ್ದೇ ನಿಜ ಅಂತ ಹೇಗೆ ನಂಬುವುದು? ಬಚ್ಚಿಟ್ಟ ಎಳ್ಳನ್ನು ತೀರಿಕೊಂಡವರ ತಲೆಗೆ ಕಟ್ಟುವುದು ಸುಲಭ.

ಅಮ್ಮನಿಗೂ ಅದು ಹೊಳೆದಿರಬೇಕು. ಪೆನ್ಸಿಲ್ ತೆಗೆದುಕೊಂಡು (ಅಥವಾ ಪೆನ್ನು, ನನ್ನನ್ನು ನಂಬಬೇಡಿ) ಪದ್ಮಾ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆದಳು. ‘ಅವಳಿಗೆ ಹೇಳಿದ್ದು ನಮ್ಮತ್ತೆಯಂತೆ. ಪದ್ಮಾ ಮಾತು. ನಾನು ಕೇಳಬೇಕಿತ್ತು.’

“ಹಾಗಾದ್ರೆ ಫುಟ್‌ನೋಟಲ್ಲಿ ಯಾರ ಹೆಸರು ಹಾಕ್ಲಿ ಆಂಟಿ?”

“ನಮ್ಮತ್ತೇದು ಹಾಕು, ಪದ್ಮಂದು ಹಾಕು, ಕೊನೇಲಿ ನಂದೂ ಹಾಕು. ಇವನದೊಂದು ಬಿಟ್ಬಿಡು.”