ಕುರಿ ಸಾರ್ ಊಟಕ್ಕೆ ಕೂತದ್ದು

ಹೆಣ್ಣು ನೋಡಲು ಹೋದಾಗ, ಪಶುಗಳ ಪೋಷಣೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ ಎಂದಷ್ಟೇ ಹೇಳಿದ್ದೆ. ಸುಳ್ಳೇನಲ್ಲ. ಆದರೆ ಕುರಿಗಳ ಹಿಂದೆ ಚೀಲ ಕಟ್ಟಿ, ಅದರಲ್ಲಿ ಬಿದ್ದ ಹಿಕ್ಕೆಯನ್ನು ದಿನವೂ ತೂಗುತ್ತೇನೆ ಎಂಬುದನ್ನು ಅವರು ಕೊಟ್ಟ ಕೇಸರಿಬಾತಿನ ಜೊತೆ ನುಂಗಿಬಿಟ್ಟೆ. ತಿಂದ ಮೇವಿನಲ್ಲಿ ಹಿಕ್ಕೆಯಾಗಿ ಹೊರಬಂದದ್ದನ್ನು ಕಳೆದರೆ ಕುರಿಗೆ ದಕ್ಕಿದ್ದೆಷ್ಟು ಎಂದು ತಿಳಿಯುತ್ತದೆ. ನನ್ನ ಇಷ್ಟು ವರ್ಷದ ವಿದ್ವತ್ತೆಲ್ಲ ಇಷ್ಟೇ.

ನನ್ನ ಪ್ರಯೋಗದ ಮೇವು ಬಾಳೆ ಎಲೆ. ಮದುವೆಗಳಲ್ಲಿ ಊಟದ ಎಲೆ ಕತ್ತರಿಸಿದ ಮೇಲೆ ಉಳಿಯುತ್ತವಲ್ಲ, ಆ ಹರಿದ ಅಂಚು, ದಂಟು. ಅದಕ್ಕಾಗಿ ಚಾಮರಾಜಪೇಟೆ, ಬಸವನಗುಡಿಯ ಛತ್ರಗಳಿಗೆ ಹಿಂಬಾಗಿಲಿನಿಂದ ಗೋಣಿಚೀಲ ಹಿಡಿದು ಹೋಗುತ್ತಿದ್ದೆ. ನಾನು ಹೋದಷ್ಟು ಮದುವೆಗಳಿಗೆ ಯಾವ ಪುರೋಹಿತರೂ ಹೋಗಿರಲಿಕ್ಕಿಲ್ಲ.

ನನ್ನ ಮದುವೆಗೆ ಮಾವನವರು ಗೊತ್ತು ಮಾಡಿದ್ದೂ ಅಂಥದೇ ಒಂದು ಛತ್ರ. ಪೇಟ ಕಟ್ಟಿಕೊಂಡು ಮುಂಬಾಗಿಲಿನಿಂದ ಬಂದರೆ ಯಾರು ಗುರುತು ಹಿಡಿಯುತ್ತಾರೆ ಎಂದುಕೊಂಡೆ. ಧಾರೆಯಾಗಿ, ಹುಡುಗಿಯೂ ನಾನೂ ಪಕ್ಕಪಕ್ಕ ಊಟಕ್ಕೆ ಕೂತೆವು. ಸಾರು ಬಡಿಸುತ್ತಾ ಬಂದ ಅಡುಗೆ ಭಟ್ಟರು ನನ್ನೆದುರು ನಿಂತೇಬಿಟ್ಟರು.

"ಅಯ್ಯೋ ಕುರಿ ಸಾರ್, ನೀವೇನಾ ಗಂಡು! ಎಲೆ ಚೂರೆಲ್ಲ ಹಿಂದೆ ಕಟ್ಟಿಟ್ಟಿದೀನಿ. ಹೋಗ್ತಾ ಮರೀಬೇಡಿ."

ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿತು. ಈ ಹುಡುಗಿ ಇನ್ನು ನನಗೆ ಮರ್ಯಾದೆ ಕೊಟ್ಟ ಹಾಗೇ ಎಂದು ಸಂಕಟವಾಯಿತು.

"ಕುರಿ ಸಾರ್ ಅಂದ್ರೆ?" ಅವಳು ಮೆಲ್ಲಗೆ ಕೇಳಿದಳು.

ಚೀಲ, ಹಿಕ್ಕೆ, ತಕ್ಕಡಿ ಎಲ್ಲ ಹೇಳಿದೆ. ಪಾಯಸ ಬಡಿಸುವಾಗ ಆಡುವ ಮಾತಲ್ಲ ಎಂದು ಹೊಳೆದದ್ದು ಹೇಳಿ ಮುಗಿಸಿದ ಮೇಲೆ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಒಪ್ಪಲ್ಲ ಅಂತ ಭಯ ಆಯ್ತು."

"ಮತ್ತೆ ಮೇವು ಕುರಿಗೆ ಒಪ್ಪಿಗೆ ಆಯ್ತೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?"

"ಹಾಕಿದ್ರಲ್ಲಿ ಎಷ್ಟು ಉಳಿಸಿದೆ ಅಂತ ತೂಗ್ತೀವಿ. ಹಿಡಿಸಿದ್ರೆ ಏನೂ ಬಿಡಲ್ಲ."

ಅವಳು ತನ್ನ ಎಲೆಯ ಕಡೆ ತಿರುಗಿ ಊಟ ಮುಂದುವರಿಸಿದಳು. ನಾನು ಬಡಿಸಿದ್ದನ್ನೆಲ್ಲ ತಿನ್ನದೆ ಎಲೆಯ ಮೇಲೆ ಅತ್ತಿತ್ತ ಸರಿಸುತ್ತಾ ಕೂತೆ. ಪಂಕ್ತಿ ಏಳುವ ಹೊತ್ತಿಗೆ ಧೈರ್ಯ ಮಾಡಿ ಪಕ್ಕಕ್ಕೆ ನೋಡಿದೆ. ಅವಳ ಎಲೆಯಲ್ಲಿ ಕರಿಬೇವು ಬಿಟ್ಟು ಏನೂ ಇರಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನ ಎಲೆಯನ್ನು.

"ಇದನ್ನ ನೋಡಿದ್ರೆ," ಅಂದಳು, "ನಿಮಗೇ ನಾನು ಹಿಡಿಸಿಲ್ಲ ಅನ್ಸುತ್ತೆ."

ಏಳಲು ಹೊರಟವನು ಮತ್ತೆ ಕೂತೆ. ಹೋಳಿಗೆ, ಚಿರೋಟಿ, ತಣ್ಣಗಾದ ಅನ್ನ, ಒಂದನ್ನೂ ಬಿಡದೆ, ಎರಡೂ ಕಡೆಯ ಬೀಗರು ನಿಂತು ನೋಡುತ್ತಿದ್ದಂತೆಯೇ, ಹಸಿರು ಎಲೆ ಕಾಣುವ ತನಕ ತಿಂದೆ.